ಹಳ್ಳ ಯಾರ ಮನೆಯ ಕೆಳಗೆ

ಹಳ್ಳದ ನೀರು ತಿಳಿಯಾಗಿತ್ತು ಎನ್ನುವುದೇ ಸುಳ್ಳಿರಬೇಕು. ನನಗೆ ಈಗಲೂ ಕಾಣುವುದು ಹೀಗೆ: ಪಾದ ಮುಳುಗುವಷ್ಟು ನೀರು, ಅಡಿಯಲ್ಲಿ ಮರಳು, ಪಕ್ಕದಲ್ಲಿ ಅಮ್ಮ ಕುಕ್ಕರಗಾಲಲ್ಲಿ ಕೂತು ಕಲ್ಲುಗಳಿಗೆ ಅರಿಶಿನ ಹಚ್ಚುತ್ತಿದ್ದಾಳೆ. ತಮ್ಮ ಹುಟ್ಟಿ ಕೆಲವು ವಾರಗಳಾಗಿದ್ದವು. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಆದರೆ ಅವನು ಹುಟ್ಟುವ ಹೊತ್ತಿಗೆ ವೃಷಭಾವತಿ ಹೊಳೆ ಕಪ್ಪಾಗಿ ಹೋಗಿತ್ತು, ಅದಕ್ಕೆ ಬಂದು ಸೇರುವ ಹಳ್ಳಗಳೂ ನಾರುತ್ತಿದ್ದವು. ಅದೇ ಬೀದಿಯಲ್ಲಿ ಮೂಗು ಮುಚ್ಚಿಕೊಂಡು ಶಾಲೆಗೆ ಓಡಿದ ನೆನಪೂ ನನಗಿದೆ. ಎರಡರಲ್ಲಿ ಒಂದು ಸುಳ್ಳು. ಇಷ್ಟವಾದದ್ದನ್ನು ನಿಜವೆಂದು ಇಟ್ಟುಕೊಂಡು ಇಷ್ಟು ವರ್ಷ ಬದುಕಿದ್ದೆ.

ಇದನ್ನು ಕೆದಕುವ ಅಗತ್ಯ ನನಗೆ ಇರಲಿಲ್ಲ. ಅಗತ್ಯ ಬಿದ್ದದ್ದು ಅಮ್ಮನಿಗೆ. ಅತ್ತಿಗುಪ್ಪೆಯಿಂದ ಮೈಸೂರು ರಸ್ತೆಯ ಕಡೆಗೆ ಇಳಿಯುವ ಬೀದಿಗಳಲ್ಲೊಂದರಲ್ಲಿ ಅವಳ ಮನೆ. ಹಿಂದಿನ ಮಳೆಗಾಲದಲ್ಲಿ ಆ ಬೀದಿಗೆ ಸೊಂಟದವರೆಗೆ ನೀರು ನುಗ್ಗಿತು. ಹಳೆಯ ನಕ್ಷೆಯ ಪ್ರಕಾರ ಅಲ್ಲೊಂದು ಹಳ್ಳ ಇಳಿದು ಬಂದು ಹೊಳೆಗೆ ಸೇರುತ್ತದೆ, ಅದನ್ನು ಮುಚ್ಚಿ ಮನೆ ಕಟ್ಟಿದ್ದಾರೆ, ಹುಡುಕಿ ತೆರೆಯಬೇಕು ಎಂದು ಪಾಲಿಕೆಯ ಮೇಲಿನವರು ತೀರ್ಮಾನಿಸಿದರು. ನಕ್ಷೆಯಲ್ಲಿ ಹಳ್ಳ ಒಂದು ಗೆರೆ. ಆ ಗೆರೆಯ ದಪ್ಪದೊಳಗೆ ಬೀದಿಯ ಎರಡೂ ಸಾಲಿನ ಮನೆಗಳು ಹಿಡಿಸುತ್ತವೆ. ಅಂದರೆ ಹಳ್ಳ ಅಮ್ಮನ ಸಾಲಿನ ಕೆಳಗಿರಬೇಕು, ಇಲ್ಲವೇ ಎದುರು ಸಾಲಿನ ಕೆಳಗಿರಬೇಕು. ಯಾವ ಸಾಲಿನ ಕೆಳಗಿದೆಯೋ ಆ ಸಾಲಿಗೆ ಜೆಸಿಬಿ.

“ಮಂಗಳವಾರ ಸರ್ವೆಯವರು ಬರ್ತಾರೆ. ಹಳಬರನ್ನ ಕೇಳ್ತಾರಂತೆ. ನೀನು ಬಂದು ಹೇಳು,” ಅಂದಳು ಅಮ್ಮ ಫೋನಿನಲ್ಲಿ.

“ಏನಂತ ಹೇಳ್ಲಿ?”

“ಹಳ್ಳ ಎದುರು ಸಾಲಿನ ಕಡೆ ಇತ್ತು ಅಂತ. ನಿನ್ನ ತಮ್ಮನ ಗಂಗೆ ಪೂಜೆಗೆ ನೀನೂ ಬಂದಿದ್ಯಲ್ಲ.”

“ಆಗ ನಂಗೆ ಐದು ವರ್ಷ ಅಮ್ಮ.”

“ಐದು ವರ್ಷದೋಳಿಗೆ ಎಡಗಡೆ ಬಲಗಡೆ ಗೊತ್ತಾಗಲ್ವಾ?”

ಬಾಣಂತಿ ಮತ್ತೆ ನೀರು ಮುಟ್ಟಿ ಮನೆಗೆಲಸಕ್ಕೆ ನಿಲ್ಲುವ ಮೊದಲು ಗಂಗೆ ಪೂಜೆ ಆಗಬೇಕು. ನೀರಿನ ಪಕ್ಕ ಐದು ಕಲ್ಲು ತೊಳೆದಿಟ್ಟು, ಅರಿಶಿನ ಕುಂಕುಮ ಹಚ್ಚಿ, ಎಲೆ ಅಡಿಕೆ ಬಾಳೆಹಣ್ಣು ಇಟ್ಟು, ಬಿಂದಿಗೆ ತುಂಬಿಕೊಂಡು ಬರಬೇಕು. ನಮ್ಮ ಬೀದಿಯ ಹೆಂಗಸರು ಬೇರೆ ಬೇರೆ ಊರುಗಳಿಂದ ಬಂದವರು. ಬಾವಿ, ಕಟ್ಟೆ, ಹೊಳೆಗಳನ್ನು ಊರಲ್ಲೇ ಬಿಟ್ಟು ಬಂದವರಿಗೆ ಇಲ್ಲಿ ಸಿಕ್ಕಿದ್ದು ಹಳ್ಳ. ಹಾಗೆಂದು ನಾನು ತಿಳಿದಿದ್ದೆ.

ನಾನಿರುವುದು ಕೆಂಗೇರಿಯಲ್ಲಿ. ಅಲ್ಲಿಂದ ಮೆಟ್ರೊ ಹತ್ತಿದೆ. ಈ ಹೊಳೆಯ ಭೂಗೋಳ ಕಲಿಯುವುದಕ್ಕೆ ಮೆಟ್ರೊದಷ್ಟು ಒಳ್ಳೆಯ ಜಾಗವಿಲ್ಲ, ಗಾಜು ಮುಚ್ಚಿರುವುದರಿಂದ ಮೂಗಿಗೆ ಏನೂ ತಾಗುವುದಿಲ್ಲ. ನೀರು ಕೆಂಗೇರಿಯ ಕಡೆಗೆ ಹರಿಯುತ್ತದೆ, ರೈಲು ಅದಕ್ಕೆ ಎದುರಾಗಿ ಹೋಗುತ್ತದೆ. ಹೊಳೆಯ ಮೂಲ ಯಾವುದು ಎಂಬುದರಲ್ಲೇ ಜಗಳವಿದೆ. ಬಸವನಗುಡಿಯ ಬಸವನ ಪಾದ ಎನ್ನುವವರಿದ್ದಾರೆ, ಮಲ್ಲೇಶ್ವರದ ನಂದಿಯ ಬಾಯಿ ಎನ್ನುವವರಿದ್ದಾರೆ. ಎರಡು ಕಡೆಯೂ ಹುಟ್ಟಲಿ, ನನಗೇನು. ರಾಜಾಜಿನಗರ, ಬಸವೇಶ್ವರನಗರದ ಬಚ್ಚಲು ನೀರು, ಲಗ್ಗೆರೆಯ ಕಡೆಯ ಕಾರ್ಖಾನೆ ಶೆಡ್ಡುಗಳು ತೊಳೆದು ಬಿಟ್ಟ ನೀರು, ವಿಜಯನಗರದ ಕಕ್ಕಸು ಎಲ್ಲ ಸೇರಿ ಅದು ನಾಯಂಡಹಳ್ಳಿಗೆ ಬರುವಾಗ ಎರಡು ಕಾಂಕ್ರೀಟು ಗೋಡೆಗಳ ನಡುವೆ ಕಪ್ಪು ಎಣ್ಣೆಯಂತೆ ಜಾರುತ್ತಿರುತ್ತದೆ. ಕೆಂಗೇರಿ ದಾಟುವಾಗ ಜೋರು ಮಳೆ ಬಂದರೆ ನೊರೆ ಎದ್ದು ಸ್ಕೂಟರಿನವರ ಮೈಮೇಲೆ ಹಾರುತ್ತದೆ. ಇನ್ನೂ ಕೆಳಗೆ ಅದೇ ನೀರಿಗೆ ಸೊಪ್ಪು ಬೆಳೆಯುತ್ತಾರೆ, ಸೊಪ್ಪು ನಮ್ಮ ಮಾರ್ಕೆಟ್ಟಿಗೇ ಬರುತ್ತದೆ. ನಾವು ಬಿಟ್ಟದ್ದನ್ನು ಹೊಳೆ ನಮಗೇ ತಿನ್ನಿಸುತ್ತದೆ. ಅದರ ಈ ಸೇಡಿನ ಗುಣವನ್ನು ನಾನು ಮೆಚ್ಚುತ್ತೇನೆ.

ಬೋಗಿಯಲ್ಲಿ ಕಾಲೇಜಿನವರಿಬ್ಬರು ಕೆಳಗೆ ನೋಡುತ್ತಿದ್ದರು.

“ಗುರು, ಇದು ನದಿ ಅಂತೆ ಕಣೋ.”

“ಯಾವನ್ ಹೇಳ್ದ?”

“ಸೇತುವೆ ಹತ್ರ ಬೋರ್ಡ್ ಹಾಕಿದಾರೆ.”

“ಬೋರ್ಡ್ ಹಾಕಿದ್ರೆ ನಾನೂ ನದಿನೇ ಬಿಡು ಮಗಾ.”

ಹೇಳಬೇಕಾದ್ದನ್ನು ನಾನು ರೈಲಿನಲ್ಲೇ ಜೋಡಿಸಿಕೊಂಡಿದ್ದೆ. ಪೂಜೆ ಬೆಳಿಗ್ಗೆ ನಡೆಯಿತು. ಬಿಸಿಲು ಮುಖಕ್ಕೆ ಹೊಡೆಯುತ್ತಿತ್ತು, ಅಂದರೆ ನಾವು ಮೂಡಣಕ್ಕೆ ನಡೆದಿದ್ದೆವು. ಎದುರು ಸಾಲು ಮೂಡಣಕ್ಕಿದೆ. ಹಾಗಾಗಿ ಹಳ್ಳ ಎದುರು ಸಾಲಿನ ಕೆಳಗಿದೆ. ಇಷ್ಟು ಅಚ್ಚುಕಟ್ಟಾಗಿ ಕೂಡಿಕೊಂಡ ನೆನಪನ್ನು ನಾನು ಬೇರೆಯವರ ಬಾಯಲ್ಲಿ ಕೇಳಿದ್ದರೆ ನಂಬುತ್ತಿರಲಿಲ್ಲ.

ಬೀದಿಯಲ್ಲಿ ಆಗಲೇ ಜನ ಎರಡು ಗುಂಪಾಗಿ ನಿಂತಿದ್ದರು. ಅಮ್ಮನ ಸಾಲಿನವರು ತಮ್ಮ ಗೇಟುಗಳಿಗೆ ಬೆನ್ನು ಕೊಟ್ಟು, ಎದುರಿನವರು ತಮ್ಮ ಗೇಟುಗಳಿಗೆ. ನಡುವೆ ಸರ್ವೆಯರ್, ಟೇಪು ಹಿಡಿದ ಇಬ್ಬರು, ಕೆಂಪು ಬಣ್ಣದ ಡಬ್ಬ. ಸರ್ವೆಯರ್ ಯಾರನ್ನು ಕೇಳಿದರೂ ಹಳ್ಳವನ್ನು ಕೈ ಚಾಚಿ ತೋರಿಸುತ್ತಿದ್ದರು. ಆ ಸಾಲಿನವರು ಈ ಕಡೆಗೆ, ಈ ಸಾಲಿನವರು ಆ ಕಡೆಗೆ. ತಮ್ಮ ಕಾಲಡಿಗೆ ತೋರಿಸಿದವರು ಒಬ್ಬರೂ ಇರಲಿಲ್ಲ.

ಅಮ್ಮ ನನ್ನ ತೋಳು ಹಿಡಿದು ಮುಂದೆ ತಂದಳು. “ಇವಳನ್ನ ಕೇಳಿ ಸಾರ್. ಇವಳ ಎದುರಿಗೇ ಪೂಜೆ ಮಾಡಿದ್ದು.”

ನಾನು ಬಿಸಿಲು, ಮೂಡಣ, ಮರಳು, ತಿಳಿನೀರು ಎಲ್ಲ ಹೇಳಿದೆ. ಎದುರುಮನೆಯ ಆಂಟಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೇಳಿಸಿಕೊಂಡರು. ಆ ದಿನ ಅಮ್ಮನ ಜೊತೆ ಬಿಂದಿಗೆ ಹಿಡಿದು ಹೋದವರು ಇವರೇ. ನಾನು ಚಿಕ್ಕವಳಿದ್ದಾಗ ಅರ್ಧ ಊಟ ಮಾಡಿದ್ದು ಇವರ ಮನೆಯಲ್ಲಿ.

“ತಿಳಿನೀರಾ?” ಅಂದರು ಆಂಟಿ. “ಹಳ್ಳದಲ್ಲಿ ಯಾವತ್ತಮ್ಮ ತಿಳಿನೀರು ನೋಡಿದ್ದೆ ನೀನು? ಅವತ್ತು ಹಳ್ಳದ ಹತ್ರ ಹೋದ್ವಿ, ನಾತ ತಡೆಯೋಕಾಗ್ದೆ ವಾಪಸ್ ಬಂದ್ವಿ. ಆ ಕಡೆ ಕಾವೇರಿ ಪೈಪು ಒಡೆದು ನೀರು ಹರೀತಿತ್ತು. ನಿಮ್ಮಮ್ಮನೇ ಇಲ್ಲೇ ಮಾಡಿಬಿಡೋಣ ಅಂದ್ರು. ಪೈಪು ಹೂಳೋಕೆ ಸುರಿದಿದ್ದ ಮರಳು ಕಣೇ ಅದು.”

ಗುಂಪಿನಲ್ಲಿ ಯಾರೋ ನಕ್ಕರು. ಅಮ್ಮ ಆಂಟಿಯ ಕಡೆ ತಿರುಗಿದಳು.

“ಯಾಕೆ, ಕಾವೇರಿ ಗಂಗೆ ಅಲ್ವಾ?” ಅಂದಳು.

“ಗಂಗೇನೇ ಅಕ್ಕಾ. ಹಳ್ಳ ಅಲ್ಲ ಅಂದೆ. ಹಳ್ಳ ಇದ್ದದ್ದು ನಿಮ್ಮ ಅಡುಗೆಮನೆ ಹಿಂದೆ. ನನ್ನ ಮಗಳ ಪೂಜೆ ಅಲ್ಲೇ ಅಲ್ವಾ ಮಾಡಿದ್ದು.”

“ನಿನ್ನ ಮಗಳದ್ದು ಬೋರ್‌ವೆಲ್ ಕಟ್ಟೇಲಿ ಮಾಡಿದ್ದು. ಕಲ್ಲು ತಂದುಕೊಟ್ಟೋಳು ನಾನು. ಈಗ ಮನೆ ಉಳಿಸಿಕೊಳ್ಳೋಕೆ ಬೋರ್‌ವೆಲ್ ಹಳ್ಳ ಆಯ್ತಾ?”

“ನೀವು ಮಾತ್ರ ಪೈಪನ್ನ ಹಳ್ಳ ಮಾಡಬೋದು, ನಾವು ಮಾಡಬಾರದಾ?”

ಬೇರೆ ಹೆಂಗಸರೂ ಬಾಯಿ ಹಾಕಿದರು. ಒಬ್ಬಾಕೆ ಟ್ಯಾಂಕರಿನ ಕೆಳಗೆ ಮಾಡಿದ್ದಳಂತೆ, ಇನ್ನೊಬ್ಬಾಕೆ ಸಂಪಿನ ಬಾಯಲ್ಲಿ. ನೀರು ಕೆಟ್ಟಂತೆಲ್ಲ ಇವರು ಐದು ಕಲ್ಲುಗಳನ್ನು ಎತ್ತಿಕೊಂಡು ಸ್ವಲ್ಪ ಆಚೆ ಹೋಗಿದ್ದಾರೆ. ಹೋದಲ್ಲೆಲ್ಲ ಅದನ್ನು ಹಳ್ಳ ಎಂದೇ ಕರೆದಿದ್ದಾರೆ. ಜೊತೆಗೆ ಹೋದ ನಮ್ಮಂಥ ಮಕ್ಕಳು ಅದನ್ನೇ ಹಳ್ಳವೆಂದು ಕಲಿತಿದ್ದೇವೆ. ಇಡೀ ಬೀದಿ ಪೂಜೆ ನಡೆದ ಜಾಗಗಳನ್ನು ತೋರಿಸಿ ಹಳ್ಳ ತೋರಿಸುತ್ತಿದ್ದೇವೆ ಎಂದುಕೊಂಡಿತ್ತು. ಇದರಲ್ಲಿ ಯಾರು ಬೇಕೆಂದೇ ಸುಳ್ಳು ಹೇಳಿದರು, ಯಾರು ನಂಬಿ ಹೇಳಿದರು ಎಂದು ಬೇರ್ಪಡಿಸಲು ನನ್ನಿಂದ ಆಗಲಿಲ್ಲ. ನನ್ನದೇ ಮಾತನ್ನು ಯಾವ ಕಡೆ ಹಾಕಬೇಕೆಂದೂ ತಿಳಿಯಲಿಲ್ಲ.

ಸರ್ವೆಯರ್ ಹಣೆ ಒರೆಸಿಕೊಂಡ. “ನಿಮ್ಮ ಬೀದೀಲಿ ನಲ್ಲಿ ತಿರುಗಿಸಿದ್ರೂ ಗಂಗೆ. ನಂಗೆ ಗಂಗೆ ಬೇಡಮ್ಮಾ, ಹಳ್ಳ ಬೇಕು.” ಆಮೇಲೆ ನನ್ನ ಕಡೆ ತಿರುಗಿದ. “ಮೇಡಂ, ನೀವು ಓದಿದೋರು. ಪೂಜೆ ಬಿಡಿ. ಹಳ್ಳ ಯಾವ ಕಡೆ ಇತ್ತು?”

ಅಮ್ಮ ನನ್ನ ಮುಖ ನೋಡಲಿಲ್ಲ. ಎದುರು ಗೇಟನ್ನೇ ನೋಡುತ್ತಾ ನಿಂತಿದ್ದಳು. ಆ ಕಡೆ, ಎಂದು ಬೆರಳು ತೋರಿಸಿದ್ದರೆ ಸಾಕಿತ್ತು. ಅಲ್ಲಿ ನಿಂತವರೆಲ್ಲ ಅದನ್ನೇ ಮಾಡಿದ್ದರು. ಅವಳ ಮನೆಗೆ ಅವಳ ಮಗಳೇ ಸಾಕ್ಷಿ ಎಂದು ನನ್ನನ್ನು ಕರೆಸಿದ್ದಳು. ಮೂಗು ಮುಚ್ಚಿಕೊಂಡು ಓಡುತ್ತಿದ್ದ ದಾರಿ ಯಾವ ಕಡೆಗಿತ್ತು ಎಂದು ಯೋಚಿಸಿದೆ. ನಾತ ನೆನಪಿತ್ತು, ದಿಕ್ಕು ನೆನಪಿರಲಿಲ್ಲ.

“ಗೊತ್ತಿಲ್ಲ,” ಅಂದೆ.

“ಆಯ್ತು ಬಿಡಿ,” ಅಂದ ಅವನು. ಡಬ್ಬ ಹಿಡಿದವನನ್ನು ಕರೆದು ಎರಡೂ ಸಾಲಿನ ಕಾಂಪೌಂಡುಗಳಿಗೆ ಕೆಂಪು ಗೀಟು ಹಾಕಿಸಿದ. ಮೆಷಿನ್ ತಂದು ಅಗೆದು ನೋಡ್ತೀವಿ, ಸಿಕ್ಕಿದ ಕಡೆ ಒಡೀತೀವಿ ಎಂದ. ಜನ ಅವನನ್ನು ಬೈಯಲಿಲ್ಲ. ಒಬ್ಬರನ್ನೊಬ್ಬರು ಬೈದುಕೊಂಡು ಒಳಗೆ ಹೋದರು.

ಅಮ್ಮ ಕಾಫಿ ಮಾಡಿದಳು, ಒಂದೇ ಲೋಟ, ತನಗೆ.

“ಗೊತ್ತಿಲ್ಲ ಅನ್ನೋಕೆ ಕೆಂಗೇರಿಯಿಂದ ಬರಬೇಕಿತ್ತಾ? ಅದನ್ನ ಇಲ್ಲಿರೋ ನಾಯೀನೂ ಹೇಳ್ತಿತ್ತು.”

“ನಿಂಗೆ ಗೊತ್ತಾ ಅಮ್ಮ? ನಿಜವಾಗಿ ಎಲ್ಲಿತ್ತು?”

“ಈಗ ಕೇಳ್ತೀಯಾ? ಗೀಟು ಬಿದ್ದ ಮೇಲೆ?”

“ಅಡುಗೆಮನೆ ಹಿಂದೆ ಅಂದ್ರಲ್ಲ ಆಂಟಿ.”

“ಅವಳ ಮನೆ ಅನ್ನ ತಿಂದು ಬೆಳೆದೋಳಲ್ವಾ ನೀನು. ಅವಳ ಮಾತೇ ನಂಬು.”

ಇಷ್ಟೇ ಉತ್ತರ. ಬಿಸಿ ಕಾಫಿಯನ್ನು ನಿಧಾನವಾಗಿ ಊದಿ ಊದಿ ಕುಡಿದಳು, ನಾನು ಹೊರಡುವವರೆಗೂ ಮುಗಿಸಲಿಲ್ಲ. ಇದನ್ನು ದುಃಖದ ದೃಶ್ಯ ಎಂದು ಓದಬೇಡಿ. ಅವಳಿಗೆ ನನ್ನ ಮೇಲೆ ಸಿಟ್ಟಿತ್ತು, ನನಗೂ ಅವಳ ಮೇಲೆ ಸಿಟ್ಟಿತ್ತು. ಪೈಪಿನ ನೀರನ್ನು ಹಳ್ಳವೆಂದು ನಂಬಿಸಿ, ಅದರ ಮೇಲೆ ನನ್ನನ್ನು ಸಾಕ್ಷಿಗೆ ನಿಲ್ಲಿಸಿದವಳು ಅವಳು.

ಈಗಲೂ ವಾರಕ್ಕೊಮ್ಮೆ ಫೋನು ಮಾಡುತ್ತೇನೆ. ತಮ್ಮನ ವಿಷಯ, ಮೊಣಕಾಲು ನೋವು, ಕರೆಂಟು ಎಲ್ಲ ಮಾತಾಡುತ್ತಾಳೆ. ಎದುರುಮನೆಯವರ ಸುದ್ದಿ ಎತ್ತಿದರೆ ಫೋನು ಇಡುತ್ತಾಳೆ. ಅವಳೂ ಆಂಟಿಯೂ ಬೆಳಿಗ್ಗೆ ಒಂದೇ ಹೊತ್ತಿಗೆ ಬಾಗಿಲಿಗೆ ರಂಗೋಲಿ ಹಾಕುತ್ತಾರಂತೆ, ಬೆನ್ನು ತಿರುಗಿಸಿಕೊಂಡು. ಮೆಷಿನ್ ಇನ್ನೂ ಬಂದಿಲ್ಲ. ಬರುವ ಮೊದಲು ಮಳೆ ಬಂದರೆ ಎರಡೂ ಮನೆಗಳಿಗೆ ಒಂದೇ ನೀರು ನುಗ್ಗುತ್ತದೆ.

ಹಳ್ಳ ಯಾವ ಸಾಲಿನ ಕೆಳಗಿದೆ ಎಂದು ನನಗೆ ಗೊತ್ತಿಲ್ಲ. ಆಂಟಿ ಹೇಳಿದ್ದು ನಿಜವೋ, ಮನೆಗಾಗಿ ಹೇಳಿದ ಮಾತೋ ಗೊತ್ತಿಲ್ಲ. ಅಮ್ಮನಿಗೆ ನಿಜ ಗೊತ್ತಿದೆಯೇ ಎಂಬುದೂ ನನಗೆ ಗೊತ್ತಿಲ್ಲ.