ಬರಿ ಡಬ್ಬಿಯ ಶಾಸ್ತ್ರ

ನಾನು ಸುಳ್ಳೇ ಹೇಳುವವಳಲ್ಲ ಎಂದರೆ ಅದೇ ಮೊದಲ ಸುಳ್ಳಾದೀತು. ಇಲ್ಲದ ತಲೆನೋವು ಹೇಳಿ ಎಷ್ಟೋ ಕಾರ್ಯಕ್ರಮ ತಪ್ಪಿಸಿಕೊಂಡಿದ್ದೇನೆ, ಗಂಡನ ಹೆಸರು ಹೇಳಿ ಎಷ್ಟೋ ಊಟಕ್ಕೆ ಹೋಗದೆ ಉಳಿದಿದ್ದೇನೆ. ಆದರೆ ಶಾಸ್ತ್ರದ ಹೆಸರಿನಲ್ಲಿ ಸುಳ್ಳು ಹೇಳಿದ್ದು ಒಂದೇ ಸಲ, ಅದೂ ಒಬ್ಬ ಬಾಣಂತಿಗೆ.

ನಾವಿರುವುದು ಅಮೆರಿಕದ ಪ್ಲಿಮತ್ತಿನಲ್ಲಿ. ಸುತ್ತಮುತ್ತ ಕಾರಿನ ಬಿಡಿಭಾಗ ಮಾಡುವ ಕಂಪನಿಗಳ ಆಫೀಸುಗಳಿವೆ, ಅಲ್ಲಿಗೆ ಜಪಾನಿನಿಂದ ಬಂದು ಮೂರು ನಾಲ್ಕು ವರ್ಷ ಇದ್ದು ಹೋಗುವ ಸಂಸಾರಗಳು ನಮ್ಮ ಬಡಾವಣೆಗೆ ಹೊಸದಲ್ಲ. ಆ ವರ್ಷ ಫೆಬ್ರವರಿಯ ಕೊನೆಯಲ್ಲಿ ಪಕ್ಕದ ಮನೆಗೆ ಅಂಥದ್ದೇ ಒಂದು ಜೋಡಿ ಹತ್ತಿರದ ಅಪಾರ್ಟ್‌ಮೆಂಟ್ ಬಿಟ್ಟು ಬಂತು. ಗಂಡನಿಗೆ ಮೂವತ್ತಿರಬಹುದು, ಹೆಂಡತಿ ಅದಕ್ಕೂ ಚಿಕ್ಕವಳು. ಸಾಮಾನಿನ ಟ್ರಕ್ಕು ಹೋದ ಮರುದಿನವೇ ಇಬ್ಬರೂ ನಮ್ಮ ಮನೆ ಬೆಲ್ ಒತ್ತಿದರು. ಅವನ ಕೈಯಲ್ಲಿ ನಮಗೆ ಉಡುಗೊರೆಯೆಂದು ಬಿಳಿ ಕಾಗದ ಸುತ್ತಿದ ಒಂದು ಟವೆಲ್, ಅವಳು ಎದೆಗೆ ಕಟ್ಟಿಕೊಂಡ ಬಟ್ಟೆಯಲ್ಲಿ ಹತ್ತು ದಿನದ ಕೂಸು.

"ನಮ್ಮ ಮನೆಯಲ್ಲಿ ಸಣ್ಣ ಮಗು ಇದೆ, ಅಳುತ್ತದೆ, ದಯವಿಟ್ಟು ಕ್ಷಮಿಸಬೇಕು," ಎಂದು ಅವನು ಇಂಗ್ಲಿಷಿನಲ್ಲಿ ಹೇಳಿದ. ಬಾಯಿಪಾಠ ಮಾಡಿಕೊಂಡು ಬಂದಿದ್ದನೆಂದು ಕಾಣುತ್ತದೆ. ಇನ್ನೂ ಅಳದ ಅಳುವಿಗೆ ಮುಂಚಿತವಾಗಿ ಕ್ಷಮೆ! ಎರಡು ಮನೆಗಳ ನಡುವೆ ಒಂದು ಬಸ್ಸು ನಿಲ್ಲಿಸುವಷ್ಟು ಜಾಗವಿದೆ, ಇಲ್ಲಿ ಯಾರ ಮಗು ಅತ್ತರೆ ಯಾರಿಗೆ ಕೇಳಿಸುತ್ತದೆ? ನನ್ನ ಕಣ್ಣು ಮಾತ್ರ ಅವಳ ಕಿವಿಯ ಮೇಲಿತ್ತು. ಹೊರಗೆ ಇಪ್ಪತ್ತು ಡಿಗ್ರಿ ಫ್ಯಾರನ್‌ಹೀಟ್, ಮೆಟ್ಟಿಲ ಮೇಲೆ ಮಂಜುಗಡ್ಡೆ. ಹತ್ತು ದಿನದ ಬಾಣಂತಿ ತಲೆಗೆ ಸ್ಕಾರ್ಫ್ ಇಲ್ಲದೆ, ಕಿವಿಗೆ ಹತ್ತಿಯಿಲ್ಲದೆ ನಿಂತು ಬಗ್ಗಿ ಬಗ್ಗಿ ನಮಸ್ಕಾರ ಮಾಡುತ್ತಿದ್ದಾಳೆ. ನನಗೆ ಮೈಯೆಲ್ಲ ಉರಿಯಿತು. ಬಾಯಿ ಬಿಟ್ಟು ಬೈಯುವಷ್ಟು ಸಲಿಗೆ ಇರಲಿಲ್ಲವಲ್ಲ.

ಬಾಣಂತನಕ್ಕೆ ಯಾರು ಬರುತ್ತಾರೆ ಎಂದು ಕೇಳಿದೆ. ಅವಳ ತಾಯಿ ಟಿಕೆಟ್ ಮಾಡಿಸಿಕೊಂಡಿದ್ದರಂತೆ, ಹೊರಡುವ ವಾರ ಬಿದ್ದು ಸೊಂಟದ ಮೂಳೆ ಮುರಿದುಕೊಂಡರಂತೆ. ಅವನು ಏಳಕ್ಕೆ ಹೋದರೆ ಸಂಜೆ ಏಳಕ್ಕೇ ಬರುವುದು. ಅಷ್ಟು ಕೇಳಿದ ಮೇಲೆ ನನ್ನನ್ನು ಹಿಡಿಯುವವರು ಯಾರು? ನನ್ನ ಆಫೀಸು ಸೌತ್‌ಫೀಲ್ಡಿನಲ್ಲಿ, ವಾರಕ್ಕೆ ಎರಡು ದಿನ ಮುಖ ತೋರಿಸಿದರೆ ಸಾಕು, ಉಳಿದ ದಿನ ಲ್ಯಾಪ್‌ಟಾಪ್ ಅಡಿಗೆಮನೆಯಲ್ಲೇ ಇರುತ್ತದೆ. ಮಾರನೆಯ ದಿನವೇ ಬೆಳ್ಳುಳ್ಳಿ ಹಾಕಿ ಮೆಣಸಿನ ಸಾರು ಮಾಡಿ, ಮೆತ್ತಗೆ ಅನ್ನ ಕಲಸಿ, ತುಪ್ಪ ಹಾಕಿ, ಸ್ಟೀಲ್ ಡಬ್ಬಿಯಲ್ಲಿ ಒಯ್ದು ಕೊಟ್ಟೆ. ಖಾರ ಕಡಿಮೆ ಮಾಡಿದ್ದೆ. ಅವಳು ಎರಡು ಕೈಯಲ್ಲಿ ಡಬ್ಬಿ ತೆಗೆದುಕೊಂಡು, ಅದನ್ನು ಹಣೆಯ ಮಟ್ಟಕ್ಕೆ ಎತ್ತಿ, ಬಗ್ಗಿದಳು. ಇಷ್ಟು ಮರ್ಯಾದೆ ನನ್ನ ಸಾರಿಗೆ ನನ್ನ ಮನೆಯಲ್ಲಿ ಇವತ್ತಿನವರೆಗೆ ಸಿಕ್ಕಿಲ್ಲ.

ಎರಡು ದಿನ ಬಿಟ್ಟು ಡಬ್ಬಿ ವಾಪಸ್ ಬಂತು. ಫಳಫಳ ಹೊಳೆಯುತ್ತಿತ್ತು. ಒಳಗೆ ಸಣ್ಣ ಸಣ್ಣ ಬಿಸ್ಕತ್ತು, ಒಂದೊಂದನ್ನೂ ಬೇರೆ ಬೇರೆ ಕಾಗದದಲ್ಲಿ ಸುತ್ತಿತ್ತು, ಮೇಲೊಂದು ಚೀಟಿಯಲ್ಲಿ ಮೊಟ್ಟೆ ಇಲ್ಲ, ಮೀನು ಇಲ್ಲ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ನಾವು ಸಸ್ಯಾಹಾರಿಗಳೆಂದು ಯಾವಾಗ ವಿಚಾರಿಸಿಕೊಂಡಳೋ! ನನಗೋ ಖುಷಿಯೋ ಖುಷಿ. ಪಾತ್ರೆಯನ್ನು ಬರಿದಾಗಿ ವಾಪಸ್ ಕೊಡಬಾರದು, ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು ಎಂದು ಕೇಳಿಕೊಂಡೇ ಮೈಸೂರಿನಲ್ಲಿ ಬೆಳೆದವಳು ನಾನು.

"ನೋಡಿ, ಎಷ್ಟು ಚೆನ್ನಾಗಿ ಬೆಳೆಸಿದಾರೆ ಹುಡುಗೀನ. ನಮ್ಮವರೇ ಈಗ ಡಬ್ಬಿ ವಾಪಸ್ ಕೊಡೋದೇ ಮರೀತಾರೆ," ಎಂದು ನನ್ನ ಗಂಡನಿಗೆ ಹೇಳಿದೆ.

"ನಮ್ದೇ ಮೂರು ಡಬ್ಬಿ ಕ್ಯಾಂಟನ್‌ನ ಸ್ನೇಹಿತರ ಮನೇಲಿವೆ," ಎಂದರು ಅವರು, ಬಿಸ್ಕತ್ತು ಅಗಿಯುತ್ತಾ.

ತುಂಬಿ ಬಂದ ಡಬ್ಬಿಯನ್ನು ಸುಮ್ಮನೆ ಇಟ್ಟುಕೊಳ್ಳುವುದು ಹೇಗೆ? ಸಬ್ಬಸಿಗೆ ಸೊಪ್ಪಿನ ಪಲ್ಯ ಹೋಯಿತು. ಸೋಯಾ ಸಾಸಿನಲ್ಲಿ ಬೇಯಿಸಿದ ಸಿಹಿಗುಂಬಳ ಬಂತು. ಮೆಂತ್ಯದ ಗಂಜಿ ಹೋಯಿತು. ಅಕ್ಕಿಹಿಟ್ಟಿನೊಳಗೆ ಕೆಂಪು ಕಾಳಿನ ಹೂರಣ ತುಂಬಿದ ಉಂಡೆ ಬಂತು, ನಮ್ಮ ಕಡುಬಿನ ದೂರದ ನೆಂಟನ ಹಾಗಿತ್ತು. ಅಂಟಿನುಂಡೆ ಹೋಯಿತು. ಎರಡು ವಾರದಲ್ಲಿ ಐದು ಸಲ ಹೀಗೆ ಓಡಾಟ. ಅವಳು ಬಿಡಲಿಲ್ಲ, ನಾನು ಮೊದಲೇ ಬಿಡುವವಳಲ್ಲ. ಒಳಗೊಳಗೆ ಜಂಬವೂ ಇತ್ತು ಎನ್ನಿ, ಅವಳದಕ್ಕಿಂತ ನನ್ನದು ಒಂದು ಕೈ ಮೇಲಿರಲಿ ಎಂದು.

ಒಂದು ಶನಿವಾರ ಅಂಚೆಪೆಟ್ಟಿಗೆಯ ಹತ್ತಿರ ಅವಳ ಗಂಡ ಸಿಕ್ಕ. ಮುಖ ಸಪ್ಪಗಿತ್ತು. ಮಗುವಿನ ತೂಕ ಏರುತ್ತಿಲ್ಲ ಎಂದ. ಮೂರು ವಾರ ಕಳೆದರೂ ಹುಟ್ಟಿದಾಗಿನ ಆರೂವರೆ ಪೌಂಡಿಗೆ ಬಂದಿಲ್ಲವಂತೆ. ತಾಯಿಗೆ ಹಾಲು ಸಾಲದು, ಪುಡಿ ಹಾಲು ಕೊಟ್ಟರೆ ಕಕ್ಕುತ್ತದೆ. ಅವಳು ನಿದ್ದೆ ಮಾಡಬೇಕು, ಎರಡು ಗಂಟೆಗೊಮ್ಮೆ ಹಾಲು ಕುಡಿಸಬೇಕು, ಬೇರೇನೂ ಕೆಲಸ ಮಾಡಬಾರದು ಎಂದು ಹಿಂದಿನ ದಿನವಷ್ಟೇ ಡಾಕ್ಟರ್ ಹೇಳಿ ಕಳಿಸಿದ್ದರಂತೆ. ಬರುವ ಶುಕ್ರವಾರ ಮತ್ತೆ ತೂಕ ನೋಡುತ್ತಾರೆ. ಏರದಿದ್ದರೆ ಮಗುವನ್ನು ಆಸ್ಪತ್ರೆಗೆ ಸೇರಿಸಿಕೊಳ್ಳುತ್ತಾರೆ. ಹೇಳುತ್ತಾ ಕಣ್ಣೊರೆಸಿಕೊಂಡ, ಅದಕ್ಕೂ ಒಂದು ಕ್ಷಮೆ ಕೇಳಿದ.

ನಾನೇನು ಮಾಡಿದೆ? ಇನ್ನೂ ದೊಡ್ಡ ಡಬ್ಬಿ ತೆಗೆದೆ. ಬುದ್ಧಿ ಇದ್ದಿದ್ದೇ ಅಷ್ಟು.

ಸೋಮವಾರ ಮಧ್ಯಾಹ್ನ ಬೆಳ್ಳುಳ್ಳಿ ಹಾಕಿದ ತೊವ್ವೆ ಹಿಡಿದು ಹೋದೆ. ಬೆಲ್ ಮೇಲೆ ಮಗು ಮಲಗಿದೆ ಎಂಬ ಚೀಟಿ ಅಂಟಿಸಿತ್ತು. ಸರಿ, ಹಿಂದಿನ ಗಾಜಿನ ಬಾಗಿಲ ಹತ್ತಿರ ಇಟ್ಟು ಬರೋಣ ಎಂದು ಸುತ್ತಿಕೊಂಡು ಹೋದೆ. ಆ ಗಾಜಿನಿಂದ ಅಡಿಗೆಮನೆ ನೇರ ಕಾಣುತ್ತದೆ. ಕೂಸು ಮಲಗಿರಲಿಲ್ಲ. ಅವಳ ಎದೆಯ ಬಟ್ಟೆಯಲ್ಲಿ ಕೆಂಪಗಾಗಿ ಕಿರುಚುತ್ತಿತ್ತು, ಗಾಜಿನಾಚೆಗೂ ಕೇಳಿಸುತ್ತಿತ್ತು. ಅವಳ ಎರಡೂ ಕೈಗೆ ಅಕ್ಕಿಹಿಟ್ಟು ಮೆತ್ತಿಕೊಂಡಿತ್ತು. ಉಂಡೆ ಕಟ್ಟುತ್ತಿದ್ದಳು. ಅರ್ಧ ಕಟ್ಟಿ, ಹಣೆಯನ್ನು ಕಪಾಟಿಗೆ ಒತ್ತಿಕೊಂಡು ಅಳುತ್ತಿದ್ದಳು, ಮತ್ತೆ ಇನ್ನೊಂದು ಉಂಡೆ. ಪಕ್ಕದಲ್ಲಿ ನನ್ನ ಸ್ಟೀಲ್ ಡಬ್ಬಿ ಬಾಯಿ ತೆರೆದುಕೊಂಡು ಕೂತಿತ್ತು.

ಇಷ್ಟು ದಿನ ಆ ಕೂಸಿನ ಬಾಯಿಂದ ಹಾಲು ಕಿತ್ತುಕೊಂಡವಳು ನಾನೇ. ನಾನು ಒಂದು ಸೌಟು ಸಾರು ಕೊಟ್ಟು ಅವಳಿಂದ ಅರ್ಧ ದಿನದ ನಿದ್ದೆ ತೆಗೆದುಕೊಂಡು ಬರುತ್ತಿದ್ದೆ.

ಗಾಜು ಬಡಿದೆ. ಅವಳು ಬೆಚ್ಚಿ, ಮುಖ ಒರೆಸಿಕೊಂಡು, ನಗುತ್ತಾ ಬಾಗಿಲು ತೆಗೆದಳು. ಆ ನಗು ನೋಡಿ ನನಗೆ ತಡೆಯಲಾಗಲಿಲ್ಲ.

"ಏನಮ್ಮಾ ಇದು, ತಲೆ ಕೆಟ್ಟಿದ್ಯಾ ನಿಂಗೆ? ಮಗು ಬಾಯಿ ಬಡ್ಕೊಳ್ತಿದೆ, ನೀನು ಉಂಡೆ ಕಟ್ತಾ ಕೂತಿದೀಯಲ್ಲ! ಯಾರಿಗ್ ಬೇಕಿತ್ತು ಈ ಉಂಡೆ?" ಎಂದು ಅಪ್ಪಟ ಕನ್ನಡದಲ್ಲೇ ಕೂಗಾಡಿದೆ. ಬೈಗುಳವೆಲ್ಲ ನನಗೇ ಸೇರಬೇಕಾದದ್ದು, ಸಿಕ್ಕವಳು ಅವಳು. ಅವಳು "ಸಾರಿ, ಸಾರಿ" ಎಂದಳು. ಕೈ ತೊಳೆಸಿ, ಸೋಫಾದಲ್ಲಿ ಕೂರಿಸಿ, ಮಗುವನ್ನು ಎದೆಗೆ ಕೊಟ್ಟು, ಅದು ಕುಡಿದು ಸುಮ್ಮನಾಗುವವರೆಗೆ ನಾನು ಗೋಡೆ ನೋಡಿಕೊಂಡು ನಿಂತಿದ್ದೆ.

ಆಮೇಲೆ ಮಾತಿಗೆ ಫೋನು ತೆಗೆದೆವು. ನಾನು ಕನ್ನಡದಲ್ಲಿ ಹೇಳಿದರೆ ಅದು ಜಪಾನಿಯಲ್ಲಿ ಹೇಳುತ್ತದೆ, ಅವಳು ಹೇಳಿದರೆ ಕನ್ನಡದಲ್ಲಿ, ವಾರ್ತೆ ಓದುವವರ ಗತ್ತಿನಲ್ಲಿ. "ಇನ್ನು ಮೇಲೆ ಏನೂ ಮಾಡಿ ಕಳಿಸಬೇಡ" ಎಂದೆ. "ಪರವಾಗಿಲ್ಲ, ಇದು ಏನೂ ಅಲ್ಲ" ಎಂದು ಬಂತು ಉತ್ತರ. "ನಿಜವಾಗಿಯೂ ಬೇಡ" ಎಂದೆ. "ಸ್ವೀಕರಿಸಿ ಸುಮ್ಮನಿರುವುದು ನಮ್ಮಲ್ಲಿ ಸರಿಯಲ್ಲ" ಎಂದಿತು ಫೋನು. ಅಯ್ಯೋ ದೇವರೇ. ಇವಳು ನಮ್ಮ ಪೈಕಿಯೇ. ನಾವೂ ಹಾಗೇ ಅಲ್ಲವೇ? ಯಾಕೆ ತೊಂದರೆ ತೊಗೊಂಡ್ರಿ ಎಂದು ಎಷ್ಟು ಜನ ನನಗೆ ಹೇಳಿಲ್ಲ, ನಾನು ಯಾವತ್ತಾದರೂ ತೊಂದರೆ ತೆಗೆದುಕೊಳ್ಳುವುದು ನಿಲ್ಲಿಸಿದ್ದೇನೆಯೇ? ಬೇಡ ಎನ್ನುವ ಮಾತಿಗೆ ನಮ್ಮಿಬ್ಬರಲ್ಲೂ ಬೆಲೆಯಿಲ್ಲ. ಶಾಸ್ತ್ರವನ್ನು ನಿಲ್ಲಿಸಬೇಕಾದರೆ ಇನ್ನೊಂದು ಶಾಸ್ತ್ರವೇ ಬೇಕು. ನಾನು ಮುಖ ಗಂಭೀರ ಮಾಡಿಕೊಂಡು ಫೋನಿಗೆ ಹೇಳಿದೆ: "ನಮ್ಮ ಕಡೆ ಬಾಣಂತಿಯ ಮನೆಯಿಂದ ಪಾತ್ರೆ ಖಾಲಿಯಾಗಿಯೇ ಬರಬೇಕು. ಮೂರು ತಿಂಗಳು. ಅದರಲ್ಲಿ ಏನಾದರೂ ಹಾಕಿ ಕೊಟ್ಟರೆ ಮಗುವಿಗೆ ಒಳ್ಳೆಯದಲ್ಲ."

ಅವಳ ಮುಖದ ಬಣ್ಣವೇ ಹೋಯಿತು. ಮಗುವನ್ನು ಬಿಗಿಯಾಗಿ ಹಿಡಿದುಕೊಂಡು ಫೋನಿಗೆ ಏನೋ ಪಿಸುಗುಟ್ಟಿದಳು. ವಾರ್ತೆಯ ಗತ್ತಿನಲ್ಲೇ ಅದು ಹೇಳಿತು: "ನಾನು ಐದು ಬಾರಿ ಹಾಕಿ ಕೊಟ್ಟೆ. ತೂಕ ಹೆಚ್ಚದಿರುವುದು ಅದರಿಂದಲೇ?"

ಇದು ನನಗೆ ಹೊಳೆದೇ ಇರಲಿಲ್ಲ. ಹಾಳಾದ ನನ್ನ ಬಾಯಿ! "ಅಲ್ಲ, ಅಲ್ಲ, ಅಲ್ಲ," ಎಂದು ಕೈಯಾಡಿಸಿದೆ. "ಮಗುವಿಗೆ ಇವತ್ತಿಗೆ ಎಷ್ಟು ದಿನ?" ಎಂದು ಕೇಳಿದೆ. ಇಪ್ಪತ್ತೈದು ಎಂದಳು. "ಹಾಂ, ಈ ಶಾಸ್ತ್ರ ಶುರುವಾಗುವುದೇ ಇಪ್ಪತ್ತೈದನೆಯ ದಿನದಿಂದ. ಅದಕ್ಕೇ ಇವತ್ತು ಹೇಳೋಣ ಎಂದು ಬಂದೆ," ಎಂದೆ. ನಂಬಿದಳೋ ಇಲ್ಲವೋ ತಿಳಿಯಲಿಲ್ಲ.

ಮನೆಗೆ ಬಂದು ಗಂಡನಿಗೆ ಹೇಳಿದರೆ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಏನೇ ಇದು, ಪ್ಲಿಮತ್ತಲ್ಲಿ ಕೂತು ಹೊಸ ಶಾಸ್ತ್ರ ಬರೀತಿದೀಯಲ್ಲೇ. ನಾಳೆ ಪಂಚಾಂಗ ಶುರು ಮಾಡು."

"ನಗಬೇಡಿ. ಶುಕ್ರವಾರ ತೂಕ ಏರಲಿಲ್ಲ ಅಂದ್ರೆ ಏನ್ರೀ ಗತಿ? ಆ ಹುಡುಗಿ ಜನ್ಮಪೂರ್ತಿ ತಾನು ಹಾಕಿ ಕೊಟ್ಟ ಬಿಸ್ಕತ್ತಿಂದಲೇ ಹೀಗಾಯ್ತು ಅಂದ್ಕೊಳ್ತಾಳೆ. ಹೇಳಿದ್ದು ನಾನು," ಎಂದೆ. ಹೇಳುತ್ತಾ ಅಳು ಬಂದೇ ಬಿಟ್ಟಿತು. ಅವರ ನಗು ನಿಂತಿತು.

ಮಂಗಳವಾರದಿಂದ ದಿನವೂ ಊಟ ಕಳಿಸಿದೆ. ದಿನವೂ ಸಂಜೆ ಡಬ್ಬಿ ನಮ್ಮ ಬಾಗಿಲ ಮುಂದೆ ಬಂದಿರುತ್ತಿತ್ತು, ಮುಚ್ಚಳ ತೆಗೆದರೆ ಖಾಲಿ. ನಾನೇ ಕೇಳಿದ್ದು, ಆದರೂ ಮೊದಲ ದಿನ ಅದನ್ನು ಹಿಡಿದು ಹೊಸಿಲು ದಾಟಲು ಕಾಲು ಬರಲಿಲ್ಲ. ಎಳೆ ಕೂಸಿನ ಮನೆಯಿಂದ ಬರಿ ಪಾತ್ರೆ! ಒಳಗೆ ಹೋಗಿ ಸಕ್ಕರೆ ತಂದು, ಹೊರಗೆ ನಿಂತೇ ಒಂದು ಚಮಚ ಹಾಕಿಕೊಂಡು, ಆಮೇಲೆ ಒಳಗೆ ತಂದೆ. ಮೂರೂ ದಿನ ಹಾಗೇ ಮಾಡಿದೆ. ಅವಳ ಮನೆಯೊಳಗೆ ಕಾಲಿಡಲು ಮಾತ್ರ ಧೈರ್ಯ ಬರಲಿಲ್ಲ. ಪರದೆಗಳು ಮುಚ್ಚಿರುತ್ತಿದ್ದವು. ಅದರ ಹಿಂದೆ ಆ ಹುಡುಗಿ ಏನು ಲೆಕ್ಕ ಹಾಕುತ್ತಾ ಕೂತಿದ್ದಾಳೋ ಎಂದು ಯೋಚಿಸಿ ನನಗೆ ಆಫೀಸಿನ ಕೆಲಸ ತಲೆಗೆ ಹತ್ತಲಿಲ್ಲ, ಮೀಟಿಂಗಿನಲ್ಲಿ ಹೆಸರು ಕರೆದರೂ ಕೇಳಿಸಲಿಲ್ಲ.

ಶುಕ್ರವಾರ ಬೆಳಿಗ್ಗೆ ಅವರ ಕಾರು ಹೊರಟಿದ್ದನ್ನು ನೋಡಿದೆ. ಅವನು ರಜ ಹಾಕಿದ್ದ. ಹತ್ತಾಯಿತು, ಹನ್ನೊಂದಾಯಿತು. ಇಷ್ಟು ಹೊತ್ತಾಯಿತೆಂದರೆ ಸೇರಿಸಿಕೊಂಡೇಬಿಟ್ಟರು ಎಂದು ಗಟ್ಟಿ ಮಾಡಿಕೊಂಡೆ. ದೇವರ ಮುಂದೆ ನಿಂತು, ತಪ್ಪು ನನ್ನದು, ಆ ಕೂಸಿನ ಮೇಲೆ ತೋರಿಸಬೇಡ ಎಂದು ಬೇಡಿಕೊಂಡೆ. ಹನ್ನೊಂದೂವರೆಗೆ ಕಾರು ಬಂತು. ಅವರ ಗ್ಯಾರೇಜಿಗೆ ಹೋಗದೆ ನೇರ ನಮ್ಮ ಮನೆ ಮುಂದೆ ನಿಂತಿತು. ಅವಳು ಇಳಿದಳು, ಎದೆಯ ಮೇಲೆ ಕೂಸು. ನಾನು ಬಾಗಿಲು ತೆರೆದು ಚಪ್ಪಲಿಯನ್ನೂ ಹಾಕದೆ ಹೊರಗೆ ಓಡಿದೆ.

"ನೈನ್ ಔನ್ಸ್," ಎಂದಳು. ಬೆರಳಲ್ಲೂ ಒಂಬತ್ತು ತೋರಿಸಿದಳು. ಒಂದೇ ವಾರದಲ್ಲಿ ಒಂಬತ್ತು ಔನ್ಸು, ಕಾಲು ಕಿಲೋ!

ನಾನು ಅವಳ ತಲೆ ಹಿಡಿದು ನೆಟಿಗೆ ತೆಗೆದೆ. ಬಿಸಿಲು ಬಿದ್ದ ಮಂಜಿನಲ್ಲಿ ಬರಿಗಾಲಲ್ಲಿ ನಿಂತಿದ್ದೇನೆಂದು ಆಮೇಲೆ ಗೊತ್ತಾಯಿತು. ಅವಳು ನನ್ನ ತೋಳು ಹಿಡಿದು ಮೆಟ್ಟಿಲ ಮೇಲೆ ಹತ್ತಿಸಿ, ಫೋನು ತೆಗೆದು, ನಿಧಾನವಾಗಿ ಅದಕ್ಕೆ ಹೇಳತೊಡಗಿದಳು. ಹೇಳಲು ಬಹಳ ಇತ್ತೆಂದು ಕಾಣುತ್ತದೆ. ಫೋನು ಓದಿತು:

"ಸೋಮವಾರ ರಾತ್ರಿ ನನ್ನ ಪತಿ ತಮ್ಮ ಕಚೇರಿಯ ಎಂಜಿನಿಯರ್‌ಗೆ ಕರೆ ಮಾಡಿದರು. ಅವರು ಮೈಸೂರಿನವರು. ನನ್ನ ಪತಿ ಅವರನ್ನು ಶಾಸ್ತ್ರದ ಬಗ್ಗೆ ಕೇಳಿದರು. ಅವರು ತುಂಬಾ ನಕ್ಕರು. ನಿಮ್ಮ ಶಾಸ್ತ್ರ ಇದಕ್ಕೆ ವಿರುದ್ಧ ಎಂದರು. ನೀವು ನನಗಾಗಿಯೇ ಹೇಳಿದಿರಿ ಎಂದು ತಿಳಿಯಿತು. ನಾನು ಅತ್ತೆ."

ಇದ್ಯಾರಿಗೆ ಇವಳು ಅತ್ತೆಯಾದಳು ಎಂದು ನಾನು ಬೆಪ್ಪಾಗಿ ನಿಂತೆ. ಅವಳ ಕಣ್ಣು ನೋಡಿದ ಮೇಲೆ ಅರ್ಥವಾಯಿತು. ಫೋನು ಇನ್ನೂ ಓದುತ್ತಿತ್ತು.

"ಆಮೇಲೆ ಮಲಗಿದೆ. ನಾಲ್ಕು ಗಂಟೆ ನಿದ್ರೆ ಮಾಡಿದೆ. ಮಗು ಹುಟ್ಟಿದ ನಂತರ ಮೊದಲ ಬಾರಿ."