ಆದಂನ ಬಲಗಣ್ಣು

ಉಳ್ಳಾಲದ ಆದಂ ಮಸ್ಕತ್ತಿನಲ್ಲಿ ಕಂಪನಿ ಕಾರು ಓಡಿಸುತ್ತಲೇ ಗಡ್ಡ ನರೆಸಿಕೊಂಡವನು. ದಿನಾ ಬೆಳಿಗ್ಗೆ ವಾದಿ ಅದಾಯ್ ಬಡಾವಣೆಯ ರೂಮಿನಿಂದ ಹೊರಟು, ಇಬ್ಬರನ್ನು ಹತ್ತಿಸಿಕೊಂಡು ಬರ್ಕಾದ ನೀರಿನ ಸ್ಥಾವರಕ್ಕೆ ಬಿಡಬೇಕು. ಒಬ್ಬರು ಮಿಲಿಟರಿ ಬಿಟ್ಟು ಸೆಕ್ಯುರಿಟಿ ಕೆಲಸಕ್ಕೆ ಬಂದ ಅಮೆರಿಕದ ಸಾಹೇಬರು. ಇನ್ನೊಬ್ಬರು ಸ್ವೀಡನ್ನಿನ ಇಂಜಿನಿಯರ್ ಐಡಾ ಮೇಡಂ. ಕಾರು ಹತ್ತಿದರೆ ಸಾಕು, ಇಬ್ಬರದೂ ಅದೇ ಜಗಳ.

“ನಿಮ್ಮಲ್ಲಿ ಬಾಂಬಿಗೆ ದುಡ್ಡಿದೆ, ಬಡವನ ಆಸ್ಪತ್ರೆಗಿಲ್ಲ,” ಎನ್ನುವರು ಮೇಡಂ.

“ನೀವು ಆಸ್ಪತ್ರೆ ಕಟ್ಟಿದ್ದೇ ನಮ್ಮ ಕೊಡೆಯಡಿ ನಿಂತು. ಈಗ ನೆರೆಯವನು ಗುರ್ ಅಂದದ್ದೇ ತಡ, ನೀವೂ ನಮ್ಮ ಮಿಲಿಟರಿ ಕೂಟ ಸೇರಿ ಬಂದೂಕು ಕೊಳ್ಳುತ್ತಿಲ್ಲವೇ?”

“ಕೊಳ್ಳುತ್ತೇವೆ. ಆದರೂ ನಮ್ಮಲ್ಲಿ ಡ್ರೈವರ್ ಕಾಯಿಲೆ ಬಿದ್ದರೆ ಚಿಕಿತ್ಸೆಯಿದೆ, ರಜೆಗೆ ಸಂಬಳವಿದೆ. ಬೇಕಾದರೆ ಬೇರೆ ಕೆಲಸವನ್ನೂ ಕಲಿಸುತ್ತಾರೆ.”

ಆದಂನ ಕಿವಿ ನೆಟ್ಟಗಾಗುತ್ತಿದ್ದುದು ಇಲ್ಲಿಯೇ. ಅವನ ಬಲಗಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಏನು ಮಹಾ, ಊರಿಗೆ ಹೋದರೆ ಆಗಿಹೋಗುತ್ತದೆ. ಆದರೆ ರಜೆ ಬರುವುದು ಬರುವ ವರ್ಷ. ಅಷ್ಟರೊಳಗೆ ಆಫೀಸಿಗೆ ಗೊತ್ತಾದರೆ ವೀಸಾ ಕ್ಯಾನ್ಸಲ್. ಹಾಗೆ ಹೋದವರನ್ನು ಅವನೇ ಏರ್‌ಪೋರ್ಟಿಗೆ ಬಿಟ್ಟು ಬಂದಿದ್ದ. ಊರಿನಲ್ಲಿ ಮಗಳು ಇರ್ಫಾನಾಳ ನರ್ಸಿಂಗ್ ಓದು ಇನ್ನೂ ಮುಗಿದಿರಲಿಲ್ಲ. ಹಾಗಾಗಿ ರಸ್ತೆಯನ್ನು ಅರ್ಧ ಕಣ್ಣಿನಿಂದ, ಅರ್ಧ ನೆನಪಿನಿಂದ ಓಡಿಸುತ್ತಿದ್ದ.

ಸಾಹೇಬರಿಗೆ ಗುಮಾನಿ ಬಂತು. ಒಂದು ದಿನ ಮೇಡಂ ಇಳಿದ ಮೇಲೆ ಅವನ ಹೆಗಲು ತಟ್ಟಿ, “ಕಣ್ಣು, ಅಲ್ಲವೇ? ಯಾರಿಗೂ ಹೇಳಬೇಡ. ಗಾಯ ತೋರಿಸಿಕೊಂಡವನು ಉಳಿಯುವುದಿಲ್ಲ,” ಎಂದರು. ಹೇಳಿದರೆ ಕೆಲಸ ಹೋಯಿತು, ಹೇಳದಿದ್ದರೆ ಯಾರದೋ ಜೀವ. ಅತ್ತ ದರಿ, ಇತ್ತ ಪುಲಿ ಅಂತಾರಲ್ಲ, ಪಾಪ, ಆದಂನದು ಅದೇ ಪಾಡು.

ಮರುವಾರ ಬರ್ಕಾದ ಶಾಲೆಯೆದುರು ರಸ್ತೆ ದಾಟುತ್ತಿದ್ದ ಹುಡುಗಿ ಅವನಿಗೆ ಕಾಣಲೇ ಇಲ್ಲ. ಐಡಾ ಮೇಡಂ ಕಿರುಚಿದ ಮೇಲೆ ಬ್ರೇಕ್ ತುಳಿದ. ಮಗು ಬದುಕಿತು. ಸಾಹೇಬರು ಅಂದು ಬಂದಿರಲಿಲ್ಲ. ಆದಂ ಸ್ಟೇರಿಂಗಿಗೆ ಹಣೆಯಿಟ್ಟು ಗಳಗಳ ಅತ್ತ, ಎಲ್ಲವನ್ನೂ ಹೇಳಿಬಿಟ್ಟ.

“ಹೇಳಿದ್ದು ಒಳ್ಳೆಯದಾಯಿತು, ಆದಂ,” ಎಂದರು ಮೇಡಂ. “ಇನ್ನು ನೀನು ಹೆದರಬೇಕಾಗಿಲ್ಲ. ಆಫೀಸಿಗೆ ನಾನೇ ತಿಳಿಸುತ್ತೇನೆ. ಅವರು ನೋಡಿಕೊಳ್ಳುತ್ತಾರೆ.”

ನೋಡಿಕೊಂಡರು! ಮಧ್ಯಾಹ್ನದೊಳಗೆ ಕೀಲಿ ಕಿತ್ತುಕೊಂಡರು. “ಖಲಾಸ್, ಆದಂ ಭಾಯ್,” ಎಂದ ಆಫೀಸಿನವನು. “ಕಣ್ಣಿಲ್ಲದವನಿಗೆ ಡ್ರೈವರ್ ವೀಸಾ ಯಾಕೆ?”

ಹೆಂಡತಿ ಸೌದ ಫೋನಿನಲ್ಲಿ ಬಾಯಿಗೆ ಬಂದ ಹಾಗೆ ಬೈದಳು. “ನಿಮಗೆ ಎಂತ ಮರ್ಲಾ, ತಲೆ ಸರಿ ಉಂಟಾ? ರಜೆವರೆಗೆ ಬಾಯಿ ಮುಚ್ಚಿ ಕೂತ್ಕೊಳ್ಳಿಕ್ಕೆ ಆಗ್ಲಿಲ್ವಾ?” ಕೊನೆಗೆ ಅವಳೂ ಅತ್ತಳು.

ಟಿಕೆಟ್ ಬಂದ ದಿನ ಐಡಾ ಮೇಡಂ ರೂಮಿಗೇ ಬಂದರು. ಮುಖ ಕೆಂಪೇರಿತ್ತು. “ಜಗಳ ಮಾಡಿದೆ, ಆದಂ. ಏನಾದರೊಂದು ವ್ಯವಸ್ಥೆ ಇರಲೇಬೇಕು ಅಂದೆ. ಇಲ್ಲವಂತೆ. ನಿಜವಾಗಿಯೂ ನನಗೆ ಗೊತ್ತಿರಲಿಲ್ಲ.”

ಸಿಟ್ಟು ಮಾಡಬೇಕೆಂದು ಹೊರಟರೂ ಆದಂನಿಗೆ ಸಿಟ್ಟು ಬರಲಿಲ್ಲ.

“ನನಗೆ ಗೊತ್ತಿತ್ತು ಮೇಡಂ,” ಎಂದ. “ದಿನಾ ನಿಮ್ಮ ಊರಿನ ಸುದ್ದಿ ಕೇಳಿ ಕೇಳಿ, ನಾನು ಎಲ್ಲಿದ್ದೇನೆ ಅಂತ ಮರ್ತುಹೋಯ್ತು.”