ಕರಿ ಸೀರೆಯ ಮೇಲಿನ ಸಮುದ್ರ

ಪ್ಲೇಗಿಗೆ ಹೆದರಿ ಹೊಲದ ಗುಡಿಸಲು ಸೇರಿದ್ದ ಜನ ಮರಳಿ ಬೈಲಹೊಂಗಲದ ಮನೆಗಳಿಗೆ ಬಂದ ಮರುವರ್ಷ ನಡೆದದ್ದಿದು. ಆಗ ನನಗೆ ಹತ್ತೊಂಬತ್ತು. ಸಿರಸಂಗಿಯಿಂದ ಸೊಸೆಯಾಗಿ ಬಂದು ನಾಲ್ಕು ವರ್ಷವಾಗಿತ್ತು. ನಮ್ಮ ಅತ್ತೆ ಕಸೂತಿಯಲ್ಲಿ ಹೆಸರಾದವರು. ಮದುಮಗಳಿಗೆ ಕೊಡುವ ಕರಿ ರೇಷ್ಮೆಯ ಚಂದ್ರಕಾಳಿ ಸೀರೆಗೆ ಅವರ ಕೈಯ ಗೋಪುರ, ತೇರು, ಆನೆಗಳೇ ಬೇಕೆಂದು ಸುತ್ತಲಿನ ಊರಿನವರೆಲ್ಲ ಬರುತ್ತಿದ್ದರು. ಆದರೆ ಅವರ ಕಣ್ಣು ಮಂಜಾಗಿ, ಕರಿ ಬಟ್ಟೆಯ ಎಳೆ ಎಣಿಸಲು ಆಗುತ್ತಿರಲಿಲ್ಲ. ಹೆಸರು ಅವರದು, ಸೂಜಿ ನನ್ನದು ಎಂಬಂತಾಗಿತ್ತು.

ಸಂಕ್ರಾಂತಿ ಮುಗಿದ ಮೇಲೆ ಕಿತ್ತೂರಿನ ಹತ್ತಿರದ ಹಳ್ಳಿಯೊಂದರ ಗೌಡರ ವಾಡೆಯಿಂದ ಕರೆ ಬಂತು. ಮಗಳನ್ನು ರಾಮದುರ್ಗಕ್ಕೆ ಕೊಡುವವರಿದ್ದರು. ಸೀರೆ ತರಲು ನಾನು ನನ್ನ ಯಜಮಾನರ ಜೊತೆ ಎತ್ತಿನ ಚಕ್ಕಡಿಯಲ್ಲಿ ಹೋದೆ.

ವಾಡೆಯ ಪಡಸಾಲೆಯಲ್ಲಿ ಗೌಡರ ಹೆಂಡತಿ ಗೌಡಸಾನಿಯವರ ಅಣ್ಣ ಜಮಖಾನೆಯ ಮೇಲೆ ಫೋಟೋಗಳನ್ನು ಹರಡಿಕೊಂಡು ಕೂತಿದ್ದರು. ಕಾರವಾರದಲ್ಲಿ ಫೋಟೋ ತೆಗೆಯುವುದು ಅವರ ಕೆಲಸವಂತೆ. ತಲೆ ಪೂರಾ ನರೆತಿತ್ತು, ಉಗುರುಗಳು ಮಾತ್ರ ಫೋಟೋ ತೊಳೆಯುವ ಔಷಧಿ ಹತ್ತಿ ಕಪ್ಪಾಗಿದ್ದವು. ಫೋಟೋ ಎಂದರೆ ಕುರ್ಚಿಯ ಮೇಲೆ ಬಿಗಿದುಕೊಂಡು ಕೂತ ಮನುಷ್ಯರು ಎಂದಷ್ಟೇ ನನಗೆ ಗೊತ್ತಿದ್ದದ್ದು. ಅಲ್ಲಿ ಇದ್ದವೆಲ್ಲ ಸಮುದ್ರದ ಚಿತ್ರ. ಒಂದರಲ್ಲಿ ಸಣ್ಣ ದೋಣಿಯೊಳಗೆ ಎದ್ದು ನಿಂತ ಬೆಸ್ತನೊಬ್ಬ ತೆರೆಯ ನೆತ್ತಿಯ ಮೇಲೆ ದಂಡೆಗೆ ಬರುತ್ತಿದ್ದ. ಅವನ ಮುಖ ಕಾಣುತ್ತಿರಲಿಲ್ಲ. ಆಕಾಶಕ್ಕೂ ಮಸಿ ಬಳಿದಂತಿತ್ತು. ತೆರೆಯ ಅಂಚು ಮಾತ್ರ ಬೆಳ್ಳಗೆ ಸಿಡಿದಿತ್ತು.

ಸೀರೆ ಇಸಿದುಕೊಂಡ ಮೇಲೂ ನಾನು ಅಲ್ಲೇ ನಿಂತದ್ದನ್ನು ನೋಡಿ ಅವರು ನಕ್ಕರು. “ಏನವ್ವಾ, ಅಂಜಿಕಿ ಬಂತೇನ?”

“ನೀರು ಎಲ್ಲೈತ್ರಿ ಕಾಕಾರ? ಬರೇ ಕತ್ತಲಿ ಕಾಣಾಕತ್ತೈತಿ.”

“ಆ ಕತ್ತಲೀನ ನೀರು. ಬಿಸಲಾಗ ತಗದರ ಎಲ್ಲಾ ಹಿಟ್ಟು ಚೆಲ್ಲಿದಂಗ ಬೆಳ್ಳಗಾಗತೈತಿ. ಅದಕ್ಕ ಮೋಡ ಕವಿಯೂತನಕಾ ದಂಡಿ ಮ್ಯಾಲೆ ಕುಂತಿರತೇನಿ. ಒಮ್ಮೊಮ್ಮೆ ಮೂರ ದಿನ ಕುಂತರೂ ಮೋಡ ಬರೂದಿಲ್ಲ.”

ನಾನು ಕಸೂತಿ ಹಾಕುವವಳೆಂದು ತಿಳಿದಾಗ ಆ ಫೋಟೋವನ್ನು ನನ್ನ ಕೈಗೇ ಕೊಟ್ಟರು. “ಮದವಿಗೆ ಬರ್ತೀಯಲ್ಲ, ಆಗ ತಂದು ಕೊಡು,” ಎಂದರು.

ಮನೆಗೆ ಬಂದು ಅದನ್ನು ಗೋಡೆಯ ಗೂಡಿನಲ್ಲಿಟ್ಟೆ. ರೊಟ್ಟಿ ಬಡಿಯುವಾಗಲೂ ಕಣ್ಣು ಅತ್ತಲೇ ಹೋಗುತ್ತಿತ್ತು. ಬಿಳಿ ಎಲ್ಲೆಲ್ಲಿದೆ ಎಂದು ಬೆರಳಿಂದ ಮುಚ್ಚಿ ಮುಚ್ಚಿ ನೋಡಿದೆ. ನಾಲ್ಕು ಬೆರಳು ಇಟ್ಟರೆ ಚಿತ್ರದ ಬಿಳಿಯೆಲ್ಲ ಮುಚ್ಚಿಹೋಗುತ್ತಿತ್ತು! ಉಳಿದದ್ದೆಲ್ಲ ಕಪ್ಪು, ಆದರೂ ಅದು ಖಾಲಿ ಅನಿಸುತ್ತಿರಲಿಲ್ಲ. ನಾವಾದರೋ ಸೆರಗಿನಲ್ಲಿ ಒಂದಂಗುಲ ಜಾಗ ಬಿಟ್ಟರೆ ಕೆಲಸಗಳ್ಳರು ಅನ್ನಿಸಿಕೊಳ್ಳುವವರು. ಕರಿ ಸೀರೆಯಲ್ಲಿ ಕತ್ತಲೆ ಮೊದಲೇ ಇದೆ, ನಾನು ನೊರೆಯನ್ನಷ್ಟೇ ಹೊಲಿದರೆ ಸಾಕು ಎಂದು ಒಂದು ಮಧ್ಯಾಹ್ನ ತಟ್ಟನೆ ಹೊಳೆಯಿತು.

ಹೊಳೆದಷ್ಟು ಸುಲಭವಿರಲಿಲ್ಲ. ಎಳೆ ಎಣಿಸಿ ಹಾಕುವ ಕಸೂತಿಯಲ್ಲಿ ಗೆರೆ ನೇರ ಹೋಗುತ್ತದೆ, ಇಲ್ಲವೇ ಓರೆ ಹೋಗುತ್ತದೆ. ಅದಕ್ಕೆ ಬಾಗುವುದು ಗೊತ್ತಿಲ್ಲ. ಹಳೆಯ ಕರಿ ಸೀರೆಯ ತುಂಡಿನ ಮೇಲೆ ಮೂರು ಸಲ ಹಾಕಿದೆ, ಮೂರೂ ಸಲ ತೆರೆಯ ಬದಲು ಗರಗಸ ಬಂತು. ಕೊನೆಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಮುರಗಿ ಹೊಲಿಗೆಯಲ್ಲಿ ಒಂದೊಂದು ಮೆಟ್ಟಿಲನ್ನೂ ಕಿರಿದು ಮಾಡುತ್ತ ಹೋದಾಗ ತೆರೆ ಬಾಗಿತು.

ಸೆರಗಿನ ನಡುಭಾಗದಲ್ಲಿ ಅದನ್ನೇ ಶುರುಮಾಡಿದೆ. ಯಾರಿಗೂ ಹೇಳಲಿಲ್ಲ. ಸೀರೆ ಗೌಡರದು. ರೇಷ್ಮೆಯ ಹೊಲಿಗೆ ಬಿಚ್ಚಿದರೆ ತೂತು ಉಳಿಯುತ್ತದೆ. ಅವರು ಒಲ್ಲೆ ಎಂದರೆ ಅತ್ತೆ ಮೂವತ್ತು ವರ್ಷ ಗಳಿಸಿದ ಹೆಸರು ಹೋಗುತ್ತಿತ್ತು. ಇದೆಲ್ಲ ಗೊತ್ತಿದ್ದೂ ಕೈ ನಿಲ್ಲಲಿಲ್ಲ.

ಒಂದು ದಿನ ಅತ್ತೆ ಪಕ್ಕದಲ್ಲಿ ಬಂದು ಕೂತು, ದಿನದಂತೆ ಸೆರಗಿನ ಮೇಲೆ ಬೆರಳಾಡಿಸಿದರು. ಬೆರಳು ನಿಂತಿತು.

“ಇಲ್ಲಿ ಖಾಲಿ ಯಾಕ ಬಿಟ್ಟಿ?”

“ಅದು ನೀರ್ರಿ ಅತ್ತಿ,” ಎಂದೆ. “ಸಮುದ್ರ ಹೊಲಿಯಾಕತ್ತೇನ್ರಿ.”

ಅವರ ಬೆರಳು ಮೆಲ್ಲಗೆ ನೊರೆಯ ಅಂಚು ಹಿಡಿದು ಮೇಲೇರಿತು, ಬಾಗಿತು, ಕೆಳಗಿಳಿಯಿತು. ಮತ್ತೆ ಮೊದಲಿಂದ ಏರಿತು. ಆಮೇಲೆ, “ಮುಂದ ಹೊಲಿ. ಗೌಡಸಾನಿ ಬೈದರ ನಾನ ಹೊಲಿಸೇನಿ ಅಂತ ಹೇಳತೇನಿ,” ಎಂದು ಎದ್ದುಹೋದರು.

ಮದುವೆಗೆ ನಾಲ್ಕು ದಿನವಿದ್ದಾಗ ಅತ್ತೆಯೂ ನನ್ನ ಭುಜ ಹಿಡಿದುಕೊಂಡು ವಾಡೆಗೆ ಬಂದರು. ಗೌಡಸಾನಿಯವರು ಅಂಗಳದ ಬಿಸಿಲಿನಲ್ಲಿ ಸೆರಗು ಬಿಚ್ಚಿದರು. ಅವರ ಮುಖ ಬಿಗಿಯಿತು. “ಗೋಪುರ ಎಲ್ಲಿ? ಆನಿ ಎಲ್ಲಿ? ಅರ್ಧಾ ಸೆರಗ ಖಾಲಿ ಬಿಟ್ಟೀರಲ್ಲ! ಬೀಗರ ಮುಂದ ಏನಂತ ಹಿಡೀಲಿ ಇದನ್ನ?”

“ನಾನ ಹೊಲಿಸಿದ್ರಿ ಅವ್ವಾರ,” ಎಂದರು ಅತ್ತೆ. “ಏನ ಅನ್ನೂದಿದ್ರೂ ನನಗ ಅನ್ರಿ.”

ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಅಷ್ಟರಲ್ಲಿ ಗದ್ದಲ ಕೇಳಿ ಫೋಟೋದ ಕಾಕಾ ಹೊರಗೆ ಬಂದರು. ಕಣ್ಣು ಕಿರಿದು ಮಾಡಿ ನೋಡಿ, “ಬಿಸಲಾಗ ಹಿಡಿದರ ಏನ ಕಾಣತೈತಿ? ಒಳಗ ತಾ,” ಎಂದರು. ಪಡಸಾಲೆಯ ನೆರಳಿನಲ್ಲಿ ಸೆರಗು ಹಿಡಿದಾಗ ರೇಷ್ಮೆಯ ಮಿಂಚು ಅಡಗಿ ಕಪ್ಪು ಆಳವಾಯಿತು. ಅದರೊಳಗಿಂದ ತೆರೆ ಎದ್ದು ಬಂತು.

ಮದುಮಗಳು ಬಾಗಿಲಿನಿಂದ ಓಡಿಬಂದಳು. “ಅವ್ವಾ, ಇದು ಮಾಮಾನ ಸಮುದ್ರ! ನನಗ ಇದ ಬೇಕು.”

ಕಾಕಾ ಸೆರಗನ್ನು ಹತ್ತಿರ ಹಿಡಿದು ನೋಡಿದರು. “ಮೋಡ ಕಾಯೂದು ನಿನಗೂ ತಿಳದೈತಿ ತಂಗಿ,” ಎಂದರು. ಗೌಡಸಾನಿಯವರಿಗೆ ಪೂರ್ತಿ ಸಮಾಧಾನವಾಗಲಿಲ್ಲ. “ಅಂಚಿಗೆ ಒಂದ ಸಾಲರ ಗೋಪುರ ಹಾಕು. ನಾ ಬೀಗರಿಗೆ ಅದನ್ನ ತೋರಸತೇನಿ,” ಎಂದರು. ಎರಡು ದಿನ ವಾಡೆಯಲ್ಲೇ ಉಳಿದು ಹಾಕಿಕೊಟ್ಟೆ. ನಾನು ಮರಳಿಸಿದ ಫೋಟೋವನ್ನು ಕಾಕಾ ತಿರುಗಿ ನನಗೇ ಕೊಟ್ಟರು.

ಮದುವೆ ಮುಗಿಸಿ ಚಕ್ಕಡಿಯಲ್ಲಿ ಹೊರಟಾಗ ಅತ್ತೆ ಎಂದರು: “ಮೂವತ್ತ ವರ್ಷ ನಾ ಅದ ಗೋಪುರ, ಅದ ಆನಿ ಹೊಲಿದ್ನಿ. ಬ್ಯಾರೆ ಒಂದು ಹೊಲಿದೇನು ಅಂತ ನನಗ ಹೊಳೀಲೇ ಇಲ್ಲ ನೋಡವಾ.” ಆಮೇಲೆ ನನ್ನ ಕಡೆ ತಿರುಗಿ, “ಆ ಫೋಟೋದಾಗ ಏನೇನೈತಿ, ಒಂದೂ ಬಿಡದ ಹೇಳು,” ಎಂದರು.

ನಾನು ಹೇಳತೊಡಗಿದೆ. ಬೆಸ್ತನ ನಿಲುವು, ಮಸಿ ಆಕಾಶ, ಸಿಡಿದ ನೊರೆ. ಅವರು ನಡುನಡುವೆ “ಆಮ್ಯಾಲೆ?” ಎನ್ನುತ್ತಿದ್ದರು. ಬೈಲಹೊಂಗಲ ಬರುವವರೆಗೂ, ಸಮುದ್ರ ಕಾಣದ ನಾನು, ಸಮುದ್ರ ಕಾಣದ ಅವರಿಗೆ ಅದನ್ನು ತೋರಿಸುತ್ತಲೇ ಇದ್ದೆ. ಅತ್ತೆ ಹೋಗಿ ಬಹಳ ವರ್ಷವಾಯಿತು. ನನ್ನ ಕೈ ದಾಟಿ ಎಷ್ಟೋ ಸೀರೆಗಳು ಹೋದವು. ಆದರೂ ಅಂದಿನ ಆ ದಾರಿಯಷ್ಟು ಸುಖದ ದಾರಿಯಲ್ಲಿ ನಾನು ಮತ್ತೆ ಹೋಗಿಲ್ಲ.